ದೊಡ್ಡವರಿಗೆ ಕನ್ನಡ ಕಲಿಸುವಾಗ: ಕಲಿತ ಮಾತು ಬೀದಿಯಲ್ಲೂ ಬಾಯಿಗೆ ಬರಬೇಕಾದರೆ

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೋ ಆಫೀಸಿನ ಮೀಟಿಂಗ್ ರೂಮಿನಲ್ಲೋ ಕನ್ನಡ ಬಾರದವರಿಗೆ ಕನ್ನಡ ಕಲಿಸುವವರು ಬೆಂಗಳೂರಿನಲ್ಲಿ ಈಗ ಸಾಕಷ್ಟು ಜನ ಇದ್ದಾರೆ. ಹೆಚ್ಚಿನವರು ತರಬೇತಿ ಪಡೆದ ಮೇಷ್ಟ್ರುಗಳಲ್ಲ. ಭಾನುವಾರದ ಒಂದೆರಡು ಗಂಟೆಯನ್ನು ಖುಷಿಯಿಂದ ಕೊಡುವವರು. ನಾನೂ ಇಂಥ ತರಗತಿ ನಡೆಸುತ್ತೇನೆ. ನಮ್ಮೆಲ್ಲರ ದೂರು ಒಂದೇ: "ಕ್ಲಾಸಲ್ಲಿ ಚೆನ್ನಾಗಿ ಹೇಳ್ತಾರೆ, ಹೊರಗೆ ಹೋದ್ರೆ ಬಾಯಿ ಬಿಡಲ್ಲ. ಮುಂದಿನ ವಾರ ಬರೋ ಹೊತ್ತಿಗೆ ಅರ್ಧ ಮರೆತಿರ್ತಾರೆ."

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಹೇಳಿಕೊಡುವುದು ಜಾಸ್ತಿ, ಕೇಳುವುದು ಕಡಿಮೆ. ಬೋರ್ಡಿನ ಮೇಲೆ ಬರೆದು, ನಾವು ಹೇಳಿದ್ದನ್ನು ಎಲ್ಲರೂ ಒಟ್ಟಿಗೆ ಮೂರು ಸಲ ಹೇಳಿದರೆ ಕಲಿತಂತೆ ಕಾಣುತ್ತದೆ. ಆದರೆ ಅಂಗಡಿಯ ಮುಂದೆ ನಿಂತಾಗ ಬೋರ್ಡು ಇರುವುದಿಲ್ಲ. ಅಲ್ಲಿ ಮಾತನ್ನು ತಲೆಯೊಳಗಿಂದ ತಾವೇ ಹುಡುಕಿ ತೆಗೆಯಬೇಕು. ಆ ಹುಡುಕುವ ಕೆಲಸವನ್ನು ತರಗತಿಯಲ್ಲಿ ಮಾಡಿಸಿದ್ದರೆ ಹೊರಗೂ ಬರುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ ಇವೆ.

1. ಪುಸ್ತಕ ಬೇಡ, ಮೊದಲು ಚೀಟಿ

ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಕೇಳಬೇಕಾದ್ದು ಇಷ್ಟೇ: ಕಳೆದ ವಾರ ಕನ್ನಡ ಬಾರದೆ ಎಲ್ಲಿ ಪರದಾಡಿದಿರಿ? ಯಾರ ಜೊತೆ? ಏನು ಹೇಳಬೇಕಿತ್ತು? ಅವರಿಗೆ ಬರುವ ಭಾಷೆಯಲ್ಲೇ ಬರೆಯಲಿ.

ಉತ್ತರಗಳು ನೀವು ಅಂದುಕೊಂಡ ಹಾಗೆ ಇರುವುದಿಲ್ಲ. ಕೇರಳದಿಂದ ಬಂದ ನರ್ಸ್‌ಗೆ ಬೇಕಾದದ್ದು "ಎಲ್ಲಿ ನೋಯ್ತಾ ಇದೆ?", "ಉಸಿರು ಎಳ್ಕೊಳ್ಳಿ", "ಊಟಕ್ಕೆ ಮುಂಚೆ ತಗೊಳ್ಳಿ". ವರ್ಗವಾಗಿ ಬಂದ ಬ್ಯಾಂಕಿನವರಿಗೆ "ಇಲ್ಲಿ ಸೈನ್ ಹಾಕಿ", "ನಿಮ್ಮ ಪೆನ್ಷನ್ ಇನ್ನೂ ಬಂದಿಲ್ಲ ಅಜ್ಜಿ, ನಾಳಿದ್ದು ಬನ್ನಿ". ಕನ್ನಡದ ಮನೆಗೆ ಸೊಸೆಯಾಗಿ ಬಂದವರಿಗೆ ತರಕಾರಿಗಳ ಪಟ್ಟಿಗಿಂತ, ಅತ್ತೆ ಫೋನಿನಲ್ಲಿ "ತಿಂಡಿ ಆಯ್ತೇನಮ್ಮ? ಏನ್ ಮಾಡಿದ್ದೆ?" ಎಂದಾಗ ಕೊಡುವ ಉತ್ತರ ಮುಖ್ಯ. ನಮ್ಮ ಪುಸ್ತಕಗಳ ಮೊದಲ ಪಾಠದಲ್ಲಿ ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು ಇರುತ್ತವೆ. ನಲವತ್ತು ವರ್ಷದವರಿಗೆ ನರಿ, ಜಿಂಕೆ ಯಾವ ಕೆಲಸಕ್ಕೆ?

ಈ ಚೀಟಿಗಳೇ ನಿಮ್ಮ ಪಠ್ಯ. ಬ್ರೆಜಿಲ್ಲಿನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ 1963ರಲ್ಲಿ ಅಂಗಿಕೋಸ್ ಎಂಬ ಊರಿನಲ್ಲಿ ಮಾಡಿದ್ದೂ ಇದನ್ನೇ. ಅಲ್ಲಿ ಸುಮಾರು 300 ಕೆಲಸಗಾರರಿಗೆ ಸುಮಾರು 40 ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸಿದರು. ಅವರ ತಂಡ ಮೊದಲು ಆ ಜನರ ದಿನನಿತ್ಯದ ಮಾತುಗಳನ್ನು ಕಲೆಹಾಕಿತು. ಅಕ್ಷರ ಶುರುವಾದದ್ದು ಆ ಮಾತುಗಳಿಂದಲೇ. ಮಕ್ಕಳು "ಮುಂದೆ ಬೇಕಾಗುತ್ತೆ" ಎಂದರೆ ನಂಬಿ ಕಲಿಯುತ್ತಾರೆ. ದೊಡ್ಡವರಿಗೆ ನಾಳೆ ಬೆಳಗ್ಗೆಯೇ ಬೇಕಾಗಬೇಕು.

ಚೀಟಿಗಳನ್ನು ತಿಂಗಳಿಗೊಮ್ಮೆ ಮತ್ತೆ ಬರೆಸಿ. ಅವರ ಅಗತ್ಯ ಬದಲಾಗುತ್ತಾ ಹೋಗುತ್ತದೆ.

2. ಅಕ್ಷರಮಾಲೆಯನ್ನು ಮುಂದೂಡಿ, ಲಾಭದ ವಾಕ್ಯಗಳಿಂದ ಶುರು ಮಾಡಿ

ಮಾತಾಡಲು ಬಂದವರಿಗೆ ಮೊದಲ ದಿನವೇ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಂದು ಶುರು ಮಾಡಿದರೆ ಬೇಗ ಕುರ್ಚಿಗಳು ಖಾಲಿಯಾಗುತ್ತವೆ. ಓದು ಬೇಕು, ಖಂಡಿತ ಬೇಕು. ಆದರೆ ನೂರಿನ್ನೂರು ವಾಕ್ಯ ಬಾಯಿಗೆ ಬಂದ ಮೇಲೆ.

ಕಲಿಸುವುದು ಆಡುಮಾತಾಗಿರಲಿ. "ನಾನು ಬರುತ್ತೇನೆ" ಎಂದು ಕಲಿತವರಿಗೆ ಎದುರಿನವರ "ಬರ್ತೀನಿ" ಅರ್ಥವಾಗುವುದಿಲ್ಲ. ಯಾವ ಊರಿನ ಆಡುಮಾತು? ಕಲಿಯುವವರ ಕಿವಿಗೆ ದಿನಾ ಬೀಳುವ ಊರಿನದು. ನೀವು ಧಾರವಾಡದವರಾಗಿ ಬೆಂಗಳೂರಿನಲ್ಲಿ ಕಲಿಸುತ್ತಿದ್ದರೆ ನಿಮ್ಮ "ಹೋಗ್ತೀನ್ರಿ" ಎಷ್ಟೇ ಚೆಂದ ಇದ್ದರೂ ಸದ್ಯಕ್ಕೆ ಬದಿಗಿಡಿ.

ಇನ್ನು ಎಲ್ಲಿಂದ ಶುರು ಮಾಡಬೇಕು ಎಂಬುದು. ಹೋಗ್ತೀನಿ, ಹೋಗ್ತೀಯ, ಹೋಗ್ತೀರ, ಹೋಗ್ತಾನೆ, ಹೋಗ್ತಾಳೆ, ಹೋಗ್ತಾರೆ ಎಂಬ ಪಟ್ಟಿಯಿಂದಲ್ಲ. ಅಷ್ಟನ್ನು ನೆನಪಿಡುವಷ್ಟರಲ್ಲಿ ಆಟೋ ಹೊರಟುಹೋಗಿರುತ್ತದೆ. "ಹೋಗ್ಬೇಕು" ತೆಗೆದುಕೊಳ್ಳಿ. ನಾನು ಹೋಗ್ಬೇಕು, ನೀವು ಹೋಗ್ಬೇಕು, ಅವಳು ಹೋಗ್ಬೇಕು. ಯಾರು ಹೋದರೂ ಕೊನೆ ಬದಲಾಗುವುದಿಲ್ಲ. ಹೋಗ್ಬಹುದು, ಹೋಗಕ್ಕಾಗಲ್ಲ ಕೂಡ ಹಾಗೆಯೇ. ಎದುರಿನವರಿಗೆ ಹೇಳಲು ಹೋಗ್ಬೇಡಿ ಸೇರಿಸಿ. ಹೋಗು, ಬಾ, ಕೊಡು, ತಗೋ, ಮಾಡು ಎಂಬ ಐದು ಕ್ರಿಯಾಪದಕ್ಕೆ ಈ ನಾಲ್ಕು ರೂಪ ಸೇರಿಸಿದರೆ 20 ಉಪಯೋಗದ ಮಾತಾಯಿತು. ಇದರ ಜೊತೆ "ನನಗೆ" ಸೇರಿಸಿ ಬೇಕು, ಬೇಡ, ಸಾಕು, ಗೊತ್ತು, ಗೊತ್ತಿಲ್ಲ ಕಲಿಸಿ. ಇಷ್ಟರಲ್ಲೇ ಒಂದು ಮನೆ ನಡೆಸಬಹುದು.

ಸಂಖ್ಯೆಗಳನ್ನೂ ಬೇಗ ಕೊಡಿ. ಹಿಂದಿಯಲ್ಲಿ ನೂರರವರೆಗೆ ಹೆಚ್ಚುಕಡಿಮೆ ಪ್ರತಿಯೊಂದನ್ನೂ ಬೇರೆಯಾಗಿಯೇ ಬಾಯಿಪಾಠ ಮಾಡಬೇಕು. ನಮ್ಮಲ್ಲಿ ಮೂವತ್ತು ಗೊತ್ತಿದ್ದು ಒಂದು ಗೊತ್ತಿದ್ದರೆ ಮೂವತ್ತೊಂದು ತಾನಾಗಿ ಬಂತು. ಉತ್ತರ ಭಾರತದವರಿಗೆ ಇದನ್ನು ತೋರಿಸಿದಾಗ ಮುಖ ಅರಳುತ್ತದೆ. "ಇಷ್ಟೇನಾ?" ಅನ್ನುತ್ತಾರೆ. ಆ ಧೈರ್ಯ ಮೊದಲ ವಾರದಲ್ಲಿ ತುಂಬಾ ಮುಖ್ಯ.

3. ಮೊದಲ ತರಗತಿಯಲ್ಲೇ ಕೊಡಬೇಕಾದ ನಾಲ್ಕು ಮಾತು

"ಸ್ವಲ್ಪ ನಿಧಾನವಾಗಿ ಹೇಳಿ."
"ಇನ್ನೊಂದ್ಸಲ ಹೇಳಿ."
"ಇದಕ್ಕೆ ಕನ್ನಡದಲ್ಲಿ ಏನಂತಾರೆ?"
"ಕನ್ನಡದಲ್ಲೇ ಹೇಳಿ, ಕಲೀತಾ ಇದ್ದೀನಿ."

ಈ ನಾಲ್ಕು ಇದ್ದರೆ ಕಲಿಯುವವರು ಯಾವ ಮಾತುಕತೆಯಲ್ಲೂ ಪೂರ್ತಿ ಮುಳುಗುವುದಿಲ್ಲ. ಮೂರನೆಯದು ಊರಿನ ಪ್ರತಿಯೊಬ್ಬರನ್ನೂ ಮೇಷ್ಟ್ರು ಮಾಡಿಬಿಡುತ್ತದೆ. ನಾಲ್ಕನೆಯದರ ಬೆಲೆ ಏನೆಂದು ಆಮೇಲೆ ಹೇಳುತ್ತೇನೆ.

ತರಗತಿಯೊಳಗೂ ಇದೇ ನಿಯಮ. ಅರ್ಥವಾಗದಿದ್ದರೆ ಇಂಗ್ಲಿಷಿನಲ್ಲಿ "ಪಾರ್ಡನ್" ಅನ್ನುವ ಹಾಗಿಲ್ಲ, "ಇನ್ನೊಂದ್ಸಲ ಹೇಳಿ" ಅನ್ನಬೇಕು.

4. ಪ್ರತಿ ತರಗತಿಯೂ ಖಾಲಿ ಹಾಳೆಯಿಂದ

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? "ಕಳೆದ ವಾರ ಏನು ಕಲಿತೆವು ಅಂದ್ರೆ..." ಎಂದು ನಾವೇ ಶುರು ಮಾಡುತ್ತೇವೆ. ಅವರು ತಲೆಯಾಡಿಸುತ್ತಾರೆ. ನೋಡಿದ್ದೇ ಅಲ್ವಾ, ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಆದರೆ ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದಿದ್ದಾಗ ನೆನಪು ಮಾಡಿಕೊಳ್ಳುವುದು ಬೇರೆ.

ಅದರ ಬದಲು ನೋಟ್‌ಬುಕ್ಕುಗಳನ್ನು ಮುಚ್ಚಿಸಿ. ಖಾಲಿ ಹಾಳೆ ಕೊಡಿ. ಕಳೆದ ವಾರದ್ದು ನೆನಪಿಗೆ ಬಂದಷ್ಟನ್ನು ಐದು ನಿಮಿಷ ಬರೆಯಲಿ. ಲಿಪಿ ಯಾವುದಾದರೂ ಸರಿ. ಆಮೇಲೆ ಪಕ್ಕದವರ ಜೊತೆ ಹೋಲಿಸಿ, ಬಿಟ್ಟುಹೋದದ್ದನ್ನು ಸೇರಿಸಲಿ. ಕೊನೆಗೆ ಮಾತ್ರ ನೋಟ್‌ಬುಕ್ ತೆಗೆಯಲಿ. ಹಾಳೆಗಳನ್ನು ನೀವು ಇಸಿದುಕೊಳ್ಳಬೇಡಿ, ಅಂಕವನ್ನಂತೂ ಕೊಡಲೇಬೇಡಿ. ಪರೀಕ್ಷೆ ಎಂಬ ವಾಸನೆ ಬಂದರೆ ದೊಡ್ಡವರು ಮುಂದಿನ ವಾರ "ಸ್ವಲ್ಪ ಕೆಲಸ ಇತ್ತು" ಅನ್ನುತ್ತಾರೆ.

ಇದು ಬರೀ ನನ್ನ ಅನಿಸಿಕೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠ ಕೊಟ್ಟರು. ಒಂದು ಕಡೆ ಅದನ್ನು ಎರಡು ಸಲ ಓದಿಸಿದರು. ಇನ್ನೊಂದು ಕಡೆ ಒಂದು ಸಲ ಓದಿಸಿ, ಆಮೇಲೆ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ ಲೆಕ್ಕ ತಿರುಗಿತ್ತು. ನೆನಪಿನಿಂದ ಬರೆದವರಿಗೆ ಶೇ. 56ರಷ್ಟು ಉಳಿದಿತ್ತು, ಬರೀ ಓದಿದವರಿಗೆ ಶೇ. 42. ಮೋಸ ಇರುವುದೇ ಆ ಐದು ನಿಮಿಷದಲ್ಲಿ. ತರಗತಿ ಮುಗಿದ ಕೂಡಲೇ ಎಲ್ಲರಿಗೂ ಎಲ್ಲವೂ ಬರುತ್ತದೆ. ಆಗ "ಇವತ್ತು ಪಾಠ ಚೆನ್ನಾಗಾಯ್ತು" ಎಂದು ನಾವು ಮನೆಗೆ ಹೋಗುತ್ತೇವೆ.

ಹೊಸದು ಎಷ್ಟು ಕೊಡಬೇಕು? ಒಂದು ಗಂಟೆಗೆ ಎಂಟು ವಾಕ್ಯ ಸಾಕು ಎನ್ನುವುದು ನನ್ನ ಲೆಕ್ಕ. ಜನ ವಾರವಿಡೀ ಕೆಲಸ ಮಾಡಿ, ಟ್ರಾಫಿಕ್ಕಿನಲ್ಲಿ ಕೂತು ದಣಿದು ಬಂದಿರುತ್ತಾರೆ. ಮೊದಲ ಹತ್ತು ನಿಮಿಷ ಖಾಲಿ ಹಾಳೆ, ಆಮೇಲೆ ಕಾಲು ಗಂಟೆ ಹೊಸ ವಾಕ್ಯ. ಉಳಿದ ಸಮಯವೆಲ್ಲ ಇಬ್ಬಿಬ್ಬರಾಗಿ ಮಾತು. ನಿಮ್ಮ ದನಿಗಿಂತ ಅವರ ದನಿ ಜಾಸ್ತಿ ಕೇಳಿಸಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ನಾನು ಕಣ್ಣಿನಿಂದ ಕಲಿಯುವವನು, ಕೇಳಿ ಕಲಿಯೋದು ನನಗಾಗಲ್ಲ" ಎಂದು ಕೆಲವರು ಬರುತ್ತಾರೆ. ಆಫೀಸಿನ ತರಬೇತಿಗಳಲ್ಲಿ ಇದನ್ನು ಯಾರೋ ತಲೆಗೆ ತುಂಬಿರುತ್ತಾರೆ. ಹೀಗೆ ಬಗೆಬಗೆಯ ಕಲಿಯುವವರಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸರಿಯಾದ ಆಧಾರ ಸಿಗಲಿಲ್ಲ ಎಂದು 2008ರಲ್ಲೇ ಮನಶ್ಶಾಸ್ತ್ರಜ್ಞರ ಒಂದು ತಂಡ ಪರಿಶೀಲಿಸಿ ಹೇಳಿದೆ. ಮಾತಾಡಲು ಕಲಿಯಬೇಕಾದರೆ ಬಾಯಿ ಬಿಡಲೇಬೇಕು. ವಾದ ಮಾಡಬೇಡಿ, ನಕ್ಕು ಜೋಡಿ ಮಾಡಿ ಕೂರಿಸಿ.

5. ಸ್ವಲ್ಪ ಮರೆಯಲು ಬಿಟ್ಟು, ಮತ್ತೆ ಕೇಳಿ

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಜೋರಾಗಿರುವುದು ಕಲಿತ ಕೂಡಲೇ. ದಿನ ಕಳೆದಂತೆ ಅದರ ವೇಗ ತಗ್ಗುತ್ತದೆ. ಅಂದರೆ ಭಾನುವಾರ ಕಲಿಸಿದ್ದನ್ನು ಮುಂದಿನ ಭಾನುವಾರವೇ ಮುಟ್ಟಿದರೆ ಜೋರಾಗಿ ಸೋರುವ ಹೊತ್ತನ್ನೆಲ್ಲ ಸುಮ್ನೆ ಬಿಟ್ಟಂತಾಯಿತು.

ಭಾಷೆ ಕಲಿಸುವುದರ ಬಗ್ಗೆ ಕೆಲಸ ಮಾಡಿದ ಪಾಲ್ ಪಿಮ್ಸ್‌ಲರ್ 1967ರಲ್ಲಿ ಇದಕ್ಕೊಂದು ವೇಳಾಪಟ್ಟಿ ಹಾಕಿಕೊಟ್ಟ. ಹೊಸ ಮಾತನ್ನು 5 ಸೆಕೆಂಡಿಗೆ ಕೇಳಬೇಕು. ಆಮೇಲೆ 25 ಸೆಕೆಂಡು, 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ, 5 ದಿನ, 25 ದಿನ, 4 ತಿಂಗಳು, 2 ವರ್ಷ. ಗಡಿಯಾರ ಹಿಡಿದು ಪಾಲಿಸಬೇಕಾಗಿಲ್ಲ. ಅಂತರ ಹಿಗ್ಗುತ್ತಾ ಹೋಗಬೇಕು ಎಂಬುದನ್ನು ಹಿಡಿದುಕೊಂಡರೆ ಸಾಕು.

ತರಗತಿಯೊಳಗೆ ಇದು ಸುಲಭ. "ಚಿಲ್ಲರೆ ಇಲ್ಲ" ಕಲಿಸಿದಿರಿ. ಕೂಡಲೇ ಒಬ್ಬರನ್ನು ಕೇಳಿ. ಬೇರೆ ವಾಕ್ಯಕ್ಕೆ ಹೋಗಿ. ಎರಡು ನಿಮಿಷ ಬಿಟ್ಟು, ಏನೂ ಸೂಚನೆ ಕೊಡದೆ, ಯಾರ ಮುಂದಾದರೂ ಐನೂರರ ನೋಟು ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ಮತ್ತೊಬ್ಬರ ಮುಂದೆ. ಅವರು ತಡವರಿಸುತ್ತಾರೆ, ಚಾವಣಿ ನೋಡುತ್ತಾರೆ. ಆಗ ಬಾಯಿಗೆ ತುತ್ತು ಇಟ್ಟ ಹಾಗೆ ಉತ್ತರ ಕೊಡಬೇಡಿ. ಕಾಯಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಕಲಿಸುವವರಿಗೆ ಆ ಮೌನ ತುಂಬಾ ಕಷ್ಟ. ಆದರೆ ನೆನಪು ಗಟ್ಟಿಯಾಗುವುದು ಆ ಹುಡುಕಾಟದಲ್ಲೇ.

ತರಗತಿಯ ಹೊರಗೆ ವಾಟ್ಸ್ಆ್ಯಪ್ ಇದೆ. ಭಾನುವಾರ ರಾತ್ರಿ, ಮಂಗಳವಾರ, ಶುಕ್ರವಾರ ಗುಂಪಿಗೆ ಒಂದು ಸನ್ನಿವೇಶ ಹಾಕಿ: "ಕೆಲಸದವರು ನಾಳೆ ಬರಲ್ಲ ಅಂತಾರೆ. ಯಾವಾಗ ಬರ್ತಾರೆ ಅಂತ ಕೇಳಿ." ಉತ್ತರ ದನಿಯಲ್ಲೇ ಬರಬೇಕು, ಅಕ್ಷರದಲ್ಲಲ್ಲ. ತಮ್ಮದನ್ನು ಕಳಿಸುವ ಮುಂಚೆ ಬೇರೆಯವರದನ್ನು ಕೇಳುವಂತಿಲ್ಲ. ಗುಂಪಿನಲ್ಲಿ ಬೇರೇನೂ ಹಾಕಬೇಡಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರಕ್ಕೆ ಎಲ್ಲರ ಫೋನಿನಲ್ಲೂ ಬೇರೆ ಗುಂಪುಗಳಿವೆ.

ಕೈಯಲ್ಲಿ ಹಿಡಿದು ಮಾಡುವಂಥದ್ದು ಬೇಕೆನ್ನುವವರಿಗೆ ಚೀಟಿ ಮತ್ತು ಮೂರು ಲಕೋಟೆ ಕೊಡಿ. ಮೊದಲನೆಯದನ್ನು ದಿನಾ ತೆಗೆಯಬೇಕು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಉತ್ತರ ಬಂದರೆ ಚೀಟಿ ಮುಂದಿನ ಲಕೋಟೆಗೆ, ಬರದಿದ್ದರೆ ಮತ್ತೆ ಮೊದಲನೆಯದಕ್ಕೆ. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪೆಟ್ಟಿಗೆಯ ರೂಪದಲ್ಲಿ ಹೇಳಿದ ಉಪಾಯ ಇದು. ಈಗಿನ ಎಷ್ಟೋ ಆ್ಯಪ್‌ಗಳ ಹೊಟ್ಟೆಯಲ್ಲಿ ಇರುವುದೂ ಇದೇ. ಚೀಟಿಯ ಮೇಲೆ ಒಂಟಿ ಪದ ಬೇಡ, ಸನ್ನಿವೇಶ ಬರೆಸಿ. "ಆಟೋ ನೇರ ಹೋಗ್ತಾ ಇದೆ, ನಮ್ಮ ಮನೆ ಎಡಕ್ಕೆ." ಹಿಂದೆ: "ಇಲ್ಲಿ ಲೆಫ್ಟ್ ತಗೊಳ್ಳಿ." ಹೌದು, ಲೆಫ್ಟ್ ಎಂದೇ ಇರಲಿ. ಆಟೋದವರೂ ಹಾಗೇ ಅನ್ನುತ್ತಾರೆ.

6. ಅವರ ಭಾಷೆಯನ್ನು ಬಳಸಿಕೊಳ್ಳಿ

ದೊಡ್ಡವರು ಖಾಲಿ ತಲೆಯಲ್ಲಿ ಬರುವುದಿಲ್ಲ. ಒಂದೆರಡು ಭಾರತೀಯ ಭಾಷೆ ಆಗಲೇ ಅವರೊಳಗೆ ಇರುತ್ತದೆ. ತೆಲುಗಿನ "ನಾಕು ಕಾವಾಲಿ", ತಮಿಳಿನ "ಎನಕ್ಕು ವೇಣುಂ", ಹಿಂದಿಯ "ಮುಝೆ ಚಾಹಿಯೇ", ನಮ್ಮ "ನನಗೆ ಬೇಕು". ಅಚ್ಚು ಒಂದೇ. ಇಂಗ್ಲಿಷಿನ ಮೂಲಕ ಸುತ್ತಿಬಳಸಿ ವಿವರಿಸುವುದಕ್ಕಿಂತ ಇದನ್ನು ತೋರಿಸಿದರೆ ಕ್ಷಣದಲ್ಲಿ ಹತ್ತುತ್ತದೆ.

ತಮಿಳು, ಮಲಯಾಳ, ತೆಲುಗಿನವರ ಜೊತೆ ಒಂದು ಆಟ ಆಡಿಸಿ. ಅವರ ಎಷ್ಟೋ ಮಾತುಗಳ ಮೊದಲಿನ "ಪ" ನಮ್ಮಲ್ಲಿ "ಹ" ಆಗುತ್ತದೆ ಎಂದಷ್ಟೇ ಹೇಳಿ. ಆಮೇಲೆ ಅವರೇ ಊಹಿಸಲಿ. ಪಾಲು? ಹಾಲು. ಪುಲಿ? ಹುಲಿ. ತಮಿಳಿನ ಪಲ್? ಹಲ್ಲು. ತಾವಾಗಿ ಊಹಿಸಿ ಪಡೆದ ಪದ ನಾವು ಕೊಟ್ಟ ಪದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಊಹೆ ತಪ್ಪಾದರೂ ಪರವಾಗಿಲ್ಲ. ತಿದ್ದಿದ ಮೇಲೆ ಅದೂ ನೆನಪಿರುತ್ತದೆ.

ಸಿಕ್ಕಿಬೀಳುವ ಜಾಗಗಳೂ ಭಾಷೆಗೆ ತಕ್ಕಂತೆ ಬೇರೆ. ಹಿಂದಿಯವರು "ಏನು ನೀವು ಬರ್ತೀರ?" ಎಂದು ಕೇಳುತ್ತಾರೆ. ಅವರಲ್ಲಿ "ಕ್ಯಾ" ಮೊದಲು ಬರುತ್ತದೆ, ನಮ್ಮಲ್ಲಿ ಕೊನೆಯ "ಆ" ಸಾಕು. ಅವರಿಗೆ "ಎ", "ಏ" ವ್ಯತ್ಯಾಸವೂ ಕಷ್ಟ. "ಳ" ಇನ್ನೂ ಕಷ್ಟ. ಹಾಗಾಗಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ಥರ ಕೇಳಿಸುತ್ತವೆ. ಇದನ್ನು ಮೊದಲು ಕಿವಿಗೆ ಕಲಿಸಿ. ನೀವು ಹೇಳಿದಾಗ ಯಾವುದೆಂದು ಬೆರಳು ತೋರಿಸಲಿ. ಕಿವಿ ಹಿಡಿದ ಮೇಲೆ ನಾಲಿಗೆ ನಿಧಾನಕ್ಕೆ ಬರುತ್ತದೆ.

7. ಪ್ರಶ್ನೆಯಷ್ಟೇ ಅಲ್ಲ, ಅದಕ್ಕೆ ಬರುವ ಉತ್ತರವನ್ನೂ ಕಲಿಸಿ

ಹೊರಗೆ ಹೋದವರು ಬಾಯಿ ಮುಚ್ಚಿಕೊಳ್ಳಲು ದೊಡ್ಡ ಕಾರಣ ಇದು. "ಎಷ್ಟು?" ಎಂದು ಕೇಳಲು ಅವರಿಗೆ ಬರುತ್ತದೆ. ಸೊಪ್ಪಿನವರು "ಕಟ್ಟು ಇಪ್ಪತ್ತೈದು, ಎರಡು ತಗೊಂಡ್ರೆ ನಲವತ್ತೈದು ಮಾಡ್ಕೊಡ್ತೀನಿ, ಚಿಲ್ಲರೆ ಇದ್ಯಾ?" ಎಂದು ಒಂದೇ ಉಸಿರಿನಲ್ಲಿ ಹೇಳಿದಾಗ ಎಲ್ಲ ಕುಸಿಯುತ್ತದೆ. ನಾವು ತರಗತಿಯಲ್ಲಿ ಅಭ್ಯಾಸ ಮಾಡಿಸಿದ್ದು ಅರ್ಧ ಮಾತುಕತೆ ಮಾತ್ರ.

ಆದ್ದರಿಂದ ಪ್ರತಿ ಪ್ರಶ್ನೆಗೂ ಬರಬಹುದಾದ ಮೂರು ಉತ್ತರಗಳನ್ನು ಅವರಿಂದಲೇ ಊಹಿಸಿ ಹೇಳಿಸಿ. ಆಟೋದವರು ಏನನ್ನಬಹುದು? "ಆ ಕಡೆ ಬರಲ್ಲ." "ಮೀಟರ್ ಮೇಲೆ ಮೂವತ್ತು ಕೊಡಿ." "ವಾಪಸ್ ಖಾಲಿ ಬರ್ಬೇಕು ಸಾರ್." ಪ್ರತಿಯೊಂದಕ್ಕೂ ಇವರ ಮಾತೇನು? ಸೊಪ್ಪಿನವರು, ಆಟೋದವರು, ಸೆಕ್ಯೂರಿಟಿಯವರು ಮಾತಾಡುವುದನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ. ನಿಮ್ಮ ಸ್ವಚ್ಛ, ನಿಧಾನದ ಕನ್ನಡವನ್ನಷ್ಟೇ ಕೇಳಿದವರು ನಿಮ್ಮೊಬ್ಬರ ಜೊತೆ ಮಾತ್ರ ಮಾತಾಡಬಲ್ಲರು.

ಅಭ್ಯಾಸ ಮಾಡಿಸುವಾಗ ವಾಕ್ಯಗಳನ್ನು ಬೆರೆಸಿ. "ಬೇಕು" ವಾಕ್ಯಗಳನ್ನೇ ಒಂದರ ಹಿಂದೆ ಒಂದು ಹೇಳಿಸಿದರೆ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಒಂದು "ಬೇಕು", ಒಂದು "ಬೇಡಿ", ಮಧ್ಯೆ ಕಳೆದ ತಿಂಗಳ "ಎಲ್ಲಿ ಸಿಗುತ್ತೆ?". ಹೀಗೆ ಬೆರೆಸಿದಾಗ ತಪ್ಪು ಜಾಸ್ತಿಯಾಗುತ್ತದೆ. ಹೊರಗೂ ಯಾವ ವಾಕ್ಯ ಬಳಸಬೇಕೆಂದು ಯಾರೂ ಮೊದಲೇ ಹೇಳುವುದಿಲ್ಲವಲ್ಲ!

8. ಬೀದಿಗೆ ಕಳಿಸಿ, ಮತ್ತು ಕನ್ನಡಿಗರಿಂದ ಕಾಪಾಡಿ

ಪ್ರತಿ ತರಗತಿಯ ಕೊನೆಯ ಐದು ನಿಮಿಷದಲ್ಲಿ ಪ್ರತಿಯೊಬ್ಬರೂ ಒಂದು ಮಾತು ಕೊಟ್ಟು ಹೋಗಬೇಕು. "ಈ ವಾರ ಪ್ರಾಕ್ಟೀಸ್ ಮಾಡ್ತೀನಿ" ಎಂದಲ್ಲ. ಎಲ್ಲಿ, ಯಾವಾಗ, ಯಾರಿಗೆ, ಏನು ಎಂದು ಹೇಳಬೇಕು. "ನಾಳೆ ಬೆಳಗ್ಗೆ ನಂದಿನಿ ಬೂತಿನಲ್ಲಿ 'ಅರ್ಧ ಲೀಟರ್ ನೀಲಿ ಪ್ಯಾಕೆಟ್ ಎರಡು ಕೊಡಿ' ಅಂತೀನಿ." ಸಮಯ, ಜಾಗ ಗೊತ್ತಾದರೆ ಆ ಜಾಗವೇ ನೆನಪಿಸುತ್ತದೆ. ಮುಂದಿನ ವಾರ ಏನಾಯಿತು ಎಂದು ಕೇಳಿ. ಮಾಡದಿದ್ದವರನ್ನು ಗದರಬೇಡಿ, ಇನ್ನೂ ಚಿಕ್ಕ ಕೆಲಸ ಕೊಡಿ.

ಆಗಾಗ ತರಗತಿಯನ್ನೇ ಹತ್ತಿರದ ಸಂತೆಗೋ ಹೋಟೆಲಿಗೋ ಕರೆದುಕೊಂಡು ಹೋಗಿ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಗಾಡನ್ ಮತ್ತು ಬ್ಯಾಡ್ಲಿ 1975ರಲ್ಲಿ ಮುಳುಗುಗಾರರ ಮೇಲೆ ಪ್ರಯೋಗ ಮಾಡಿದರು. ನೀರಿನಡಿಯಲ್ಲಿ ಕಲಿತ ಪದಗಳು ನೀರಿನಡಿಯಲ್ಲೇ ಹೆಚ್ಚು ನೆನಪಾದವು, ದಡದಲ್ಲಿ ಕಲಿತವು ದಡದಲ್ಲಿ. ಎಸಿ ರೂಮಿನಲ್ಲಿ ಕಲಿತ "ಎರಡು ಕಟ್ಟು ಕೊತ್ತಂಬರಿ" ಸಂತೆಯ ಗಲಾಟೆಯಲ್ಲಿ ಏಕೆ ಮಾಯವಾಗುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು.

ಈಗ ನಮ್ಮವರ ವಿಷಯ. ಕಲಿಯುವವರು ಕಷ್ಟಪಟ್ಟು "ಒಂದು ಮಸಾಲೆ ದೋಸೆ ಕೊಡಿ" ಅನ್ನುತ್ತಾರೆ. ಕೌಂಟರಿನವರು ಅವರ ಮುಖ ನೋಡಿ, ಉಚ್ಚಾರ ಕೇಳಿ, ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದಲೇ. ಆದರೆ ಅಲ್ಲಿಗೆ ಕನ್ನಡ ಮುಗಿಯಿತು. ಕಲಿಯುವವರಿಗೆ "ನನ್ನ ಕನ್ನಡ ಅಷ್ಟು ಕೆಟ್ಟದಾಗಿದೆ" ಅನ್ನಿಸುತ್ತದೆ. ಇಂಥದ್ದು ಮೂರ್ನಾಲ್ಕು ಸಲ ಆದರೆ ಅವರು ಪ್ರಯತ್ನ ಬಿಡುತ್ತಾರೆ. "ಬೆಂಗಳೂರಲ್ಲಿ ಕನ್ನಡ ಬೇಕಾಗಲ್ಲ" ಎಂಬ ಮಾತಿಗೆ ನಾವೂ ಒಂದು ಕೈ ಸೇರಿಸಿದ್ದೇವೆ.

ನಾಲ್ಕನೆಯ ಮಾತು ಕೆಲಸಕ್ಕೆ ಬರುವುದು ಇಲ್ಲೇ. "ಕನ್ನಡದಲ್ಲೇ ಹೇಳಿ, ಕಲೀತಾ ಇದ್ದೀನಿ." ಇದನ್ನು ನಗುತ್ತಾ, ಹಿಂಜರಿಯದೆ ಹೇಳುವುದನ್ನು ತರಗತಿಯಲ್ಲಿ ನಾಟಕದ ಹಾಗೆ ಅಭ್ಯಾಸ ಮಾಡಿಸಿ. ನೀವು ಬೇಕೆಂದೇ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡಿ, ಅವರು ನಿಮ್ಮನ್ನು ಕನ್ನಡಕ್ಕೆ ಎಳೆದು ತರಲಿ. ಇದನ್ನು ಕೇಳಿದ ಬಹುತೇಕ ಕನ್ನಡಿಗರು ಕರಗಿಹೋಗುತ್ತಾರೆ. ನೀವೂ ಅಕ್ಕಪಕ್ಕದ ಅಂಗಡಿಯವರಿಗೆ, ಸೆಕ್ಯೂರಿಟಿಯವರಿಗೆ ಒಂದು ಮಾತು ಹೇಳಿಡಿ: "ಇವರು ಕನ್ನಡ ಕಲೀತಿದ್ದಾರೆ. ತಡವರಿಸಿದ್ರೂ ಕನ್ನಡದಲ್ಲೇ ಮಾತಾಡಿಸಿ." ಮನೆಯಲ್ಲಿ ಕನ್ನಡಿಗ ಗಂಡನೋ ಹೆಂಡತಿಯೋ ಇದ್ದರೆ ಅವರಿಗೂ ಹೇಳಿ. ಎಲ್ಲರಿಗಿಂತ ಬೇಗ ಇಂಗ್ಲಿಷಿಗೆ ಜಾರುವವರು ಅವರೇ.

9. ತಿದ್ದುವುದರಲ್ಲಿ ಜಿಪುಣರಾಗಿ

ಮಾತಿನಲ್ಲಿ ತಪ್ಪಿದಾಗೆಲ್ಲ ತಡೆದರೆ ಅವರು ಮಾತೇ ಆಡುವುದಿಲ್ಲ. ಆಫೀಸಿನಲ್ಲಿ ಹತ್ತಾರು ಜನರನ್ನು ನಡೆಸುವವರು ಇಲ್ಲಿ ಮಗುವಿನ ಹಾಗೆ ತೊದಲಬೇಕಾಗಿದೆ. ಆ ಮುಜುಗರವೇ ಸಾಕಷ್ಟಿದೆ. ಅವರು "ನಾನು ನಿನ್ನೆ ಮಾರ್ಕೆಟ್ ಹೋಗ್ತೀನಿ" ಎಂದರೆ ನೀವು "ಹೌದಾ, ನಿನ್ನೆ ಮಾರ್ಕೆಟ್‌ಗೆ ಹೋಗಿದ್ರಾ? ಏನು ತಗೊಂಡ್ರಿ?" ಎಂದು ಸರಿಯಾದ ರೂಪದಲ್ಲಿ ಕೇಳಿ ಮುಂದೆ ಸಾಗಿ.

ಒಂದು ತಪ್ಪನ್ನು ಮಾತ್ರ ಕೂಡಲೇ ತಿದ್ದಿ: ಬಾ ಮತ್ತು ಬನ್ನಿ, ಕೊಡು ಮತ್ತು ಕೊಡಿ. ವಯಸ್ಸಾದವರಿಗೆ "ಏಯ್ ಬಾ ಇಲ್ಲಿ" ಎಂದುಬಿಟ್ಟರೆ ಹೊರಗೆ ಜಗಳವೇ ಆಗಬಹುದು. ಮೊದಲ ತಿಂಗಳು "ನೀನು" ಕಲಿಸಲೇಬೇಡಿ. ಎಲ್ಲರಿಗೂ "ನೀವು", ಎಲ್ಲದಕ್ಕೂ ಕೊನೆಯಲ್ಲಿ "ಇ". ಮಗುವಿಗೆ "ಬನ್ನಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು. "ಇಷ್ಟು ವರ್ಷ ಇಲ್ಲಿದ್ದೀರಿ, ಇನ್ನೂ ಕನ್ನಡ ಬರಲ್ವಾ?" ಎಂಬ ಚುಚ್ಚುಮಾತಿಗೆ ತರಗತಿಯಲ್ಲಿ ಜಾಗ ಬೇಡ. ಅವರು ಕಲಿಯಲು ಬಂದು ಕೂತಿದ್ದಾರೆ.

10. ಓದು: ರ, ಗ, ಸ, ದ, ಅ

ಮಾತು ಸ್ವಲ್ಪ ಕುದುರಿದ ಮೇಲೆ ಅಕ್ಷರಕ್ಕೆ ಬನ್ನಿ. ಅಆಇಈ ಕ್ರಮ ಬೇಡ. ನಮ್ಮ ಒಂದನೇ ತರಗತಿಯ ಪುಸ್ತಕದಲ್ಲಿ ಬಳಸಿದ ರ, ಗ, ಸ, ದ, ಅ ಕ್ರಮ ನೆನಪಿದೆಯಾ? ಆಕಾರಗಳು ಸುಲಭ, ಐದೇ ಅಕ್ಷರ. ಅಷ್ಟರಲ್ಲೇ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಮೊದಲ ದಿನವೇ ಓದಿದೆ ಎಂಬ ಖುಷಿ ಸಿಗುತ್ತದೆ. ಆಮೇಲೆ ಜ, ವ, ಮ, ಬ, ನ.

ಜೊತೆಗೆ ಬಿಎಂಟಿಸಿ ಬಸ್ಸಿನ ಬೋರ್ಡು, ಮೆಟ್ರೋ ನಿಲ್ದಾಣದ ಹೆಸರು, ಅಂಗಡಿಯ ಫಲಕಗಳ ಫೋಟೋ ತರಿಸಿ. ಜಾಗದ ಹೆಸರು ಮೊದಲೇ ಗೊತ್ತಿರುತ್ತದೆ, ಹಾಗಾಗಿ "ಜಯನಗರ" ಎಂದು ಬರೆದದ್ದನ್ನು ಊಹಿಸಿ ಅಕ್ಷರ ಹಿಡಿಯಬಹುದು. ಒತ್ತಕ್ಷರಕ್ಕೆ ಅವಸರ ಬೇಡ.

11. ಕೋರ್ಸ್ ಮುಗಿದ ತಿಂಗಳಿಗೆ ಒಂದು ಫೋನ್

ಕೊನೆಯ ದಿನದ ಪರೀಕ್ಷೆಗೆ, ಸರ್ಟಿಫಿಕೇಟಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅವತ್ತು ಎಲ್ಲರಿಗೂ ಬಂದೇ ಬರುತ್ತದೆ. ಉಳಿದದ್ದೆಷ್ಟು ಎಂದು ತಿಳಿಯಬೇಕಾದರೆ ಒಂದು ತಿಂಗಳು ಬಿಟ್ಟು, ಮುಂಚೆ ತಿಳಿಸದೆ, ಪ್ರತಿಯೊಬ್ಬರಿಗೂ ಫೋನ್ ಮಾಡಿ. ಎರಡೇ ನಿಮಿಷ, ಕನ್ನಡದಲ್ಲಿ ಮಾತ್ರ. "ಎಲ್ಲಿದ್ದೀರಿ? ಊಟ ಆಯ್ತಾ? ಈ ವಾರ ಕನ್ನಡದಲ್ಲಿ ಯಾರ ಜೊತೆ ಮಾತಾಡಿದ್ರಿ?" ಯಾವ ಪ್ರಶ್ನೆಗೆ ಸಲೀಸಾಗಿ ಉತ್ತರ ಬಂತು, ಎಲ್ಲಿ ನಿಂತುಹೋಯಿತು ಎಂದು ಗುರುತು ಹಾಕಿಕೊಳ್ಳಿ.

ಮೂರನೆಯ ಪ್ರಶ್ನೆಗೆ "ಯಾರ ಜೊತೆಗೂ ಇಲ್ಲ" ಎಂಬ ಉತ್ತರ ಬಂದರೆ ಅವರಿಗೆ ಬೇಕಾಗಿರುವುದು ಇನ್ನಷ್ಟು ಪಾಠವಲ್ಲ, ಮಾತಾಡಲು ಒಬ್ಬರು. ಅದೇ ಅಪಾರ್ಟ್‌ಮೆಂಟಿನಲ್ಲಿ ಸಂಜೆ ವಾಕಿಂಗ್ ಹೋಗುವ ಕನ್ನಡದ ಹಿರಿಯರು ಯಾರಾದರೂ ಇದ್ದೇ ಇರುತ್ತಾರೆ, ಮಾತಿಗೆ ಜನ ಸಿಗದೆ ಬೇಸರದಲ್ಲಿ. ಇಬ್ಬರನ್ನೂ ಜೋಡಿ ಮಾಡಿ. ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ. ನೀವು ಹಾಕಿಕೊಂಡ ಗುರುತುಗಳನ್ನು ನೋಡಿದರೆ ಬಹಳಷ್ಟು ಮಂದಿಯ ಮಾತು ಒಂದೇ ಜಾಗದಲ್ಲಿ ನಿಂತಿದೆ ಅಂತ ಗೊತ್ತಾಗಬಹುದು, ನಿನ್ನೆ ನಡೆದದ್ದನ್ನು ಹೇಳುವ "ಹೋಗಿದ್ದೆ, ಮಾಡಿದ್ದೆ" ಥರದ ರೂಪದಲ್ಲಿ. ಹಾಗಾದರೆ ಮುಂದಿನ ತಂಡಕ್ಕೆ ಆ ಪಾಠವನ್ನು ಎರಡು ವಾರ ಮುಂಚೆಯೇ ತೆಗೆದುಕೊಳ್ಳಿ.